ಬೋರ್ಡು ಸರಿ, ಏಣಿ ಯಾರದ್ದು?

ಹಳೆ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಕಟ್ಟಡ ತೋರಿಸಲು ಯಾರೇ ಕರೆಯಲಿ, ಹತ್ತು ನಿಮಿಷದಲ್ಲಿ ಈ ಮಾತು ಬಂದೇ ಬರುತ್ತದೆ: "ಸರ್, ಇದನ್ನ ರಾಷ್ಟ್ರೀಯ ಸ್ಮಾರಕ ಅಂತ ಮಾಡಿಸಿ ಬೋರ್ಡು ಹಾಕಿಸಿಬಿಟ್ರೆ ನಮ್ಮ ತಲೆನೋವು ಮುಗೀತಲ್ವಾ?"

ಮುಗಿಯುವುದಿಲ್ಲ. ಕೆಲವೊಮ್ಮೆ ಅಲ್ಲಿಂದಲೇ ಶುರುವಾಗುತ್ತದೆ.

ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಸ್ಮಾರಕಗಳ ಪಟ್ಟಿಗೆ ಸೇರಿಸುವವರು ಬೇರೆ. ಬದಲಾವಣೆಗೆ ಅನುಮತಿ ಕೊಡುವವರು ಬೇರೆ. ಮಾಲೀಕರು ಬೇರೆ. ದಿನಾ ಬೀಗ ತೆಗೆದು ಕಸ ಗುಡಿಸುವವರು ಬೇರೆ. ನಾಲ್ಕೂ ಒಂದೇ ಕೈಯಲ್ಲಿರುವುದೂ ಉಂಟು, ಆದರೆ ನಿಮ್ಮದೂ ಹಾಗೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡ, ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಪಟ್ಟಿ ಕೇಂದ್ರದ್ದು. ಆದರೆ ಅಂಥ ಮನೆಯ ಹಳೇ ಕಿಟಕಿ ಬದಲಿಸಲು ಅರ್ಜಿ ಹಾಕಬೇಕಾದ್ದು ಸ್ಥಳೀಯ ಕೌನ್ಸಿಲ್‌ಗೆ. ಛಾವಣಿ ಸೋರಿದರೆ? ಮಾಲೀಕನೇ ಜೇಬಿಗೆ ಕೈ ಹಾಕಬೇಕು. ಹೆಸರು ಪಟ್ಟಿಯಲ್ಲಿದೆ ಅಂದಮಾತ್ರಕ್ಕೆ ಹಣ ಹಿಂದೆಯೇ ಬರುವುದಿಲ್ಲ.

ಫ್ರಾನ್ಸಿನದು ಇನ್ನೂ ಸ್ವಾರಸ್ಯ. ಅಲ್ಲಿ ಧರ್ಮವನ್ನೂ ಸರ್ಕಾರವನ್ನೂ ಬೇರೆ ಮಾಡುವ ಕಾನೂನು 1905ರಲ್ಲಿ ಬಂತು. ಈಗ ಪ್ಯಾರಿಸ್ಸಿನ ನೋತ್ರ್ ದಾಮ್‌ನಂಥ ಕ್ಯಾಥೆಡ್ರಲ್‌ಗಳು, ಅಂದರೆ ಬಿಷಪ್ಪರ ಮುಖ್ಯ ಚರ್ಚುಗಳು, ರಾಷ್ಟ್ರದ ಆಸ್ತಿ. ಆ ಕಾನೂನಿಗೆ ಮುಂಚಿನ ಊರ ಚರ್ಚುಗಳು ಬಹುಪಾಲು ಆಯಾ ಊರಿನ ಆಡಳಿತದ ಆಸ್ತಿ. 2019ರಲ್ಲಿ ನೋತ್ರ್ ದಾಮ್ ಹೊತ್ತಿ ಉರಿದಾಗ ಜಗತ್ತಿನ ಮೂಲೆಮೂಲೆಯಿಂದ ದುಡ್ಡು ಬಂತು. ಪುಟ್ಟ ಹಳ್ಳಿಯ ಗಂಟೆಗೋಪುರ ಸೋರಿದರೆ ಅಲ್ಲಿನ ಮೇಯರ್ ಒಬ್ಬರೇ ತಲೆ ಮೇಲೆ ಕೈ ಹೊತ್ತು ಕೂರಬೇಕು.

ಒಂದು ಕಟ್ಟಡ, ಹೆಸರು ಬೇಡ. ಮಳೆನೀರಿನ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿತ್ತು. ಏಣಿ ಹತ್ತಿ ಕೈ ಹಾಕಿದರೆ ಅರ್ಧ ಗಂಟೆಯ ಕೆಲಸ. ಕಾವಲುಗಾರರು ಏಣಿಯನ್ನೂ ತಂದಿಟ್ಟಿದ್ದರು. "ಪರ್ಮಿಷನ್ ಇಲ್ದೆ ಮುಟ್ಟಬಾರ್ದಂತೆ ಸರ್." ರಾಜಧಾನಿಗೆ ಪತ್ರ ಹೋಯಿತು. ಇದು ದಿನನಿತ್ಯದ ನಿರ್ವಹಣೆ, ಸ್ಥಳೀಯರೇ ಮಾಡಬೇಕು ಎಂದು ಉತ್ತರ ಬಂತು. ಕಟ್ಟಡ ನಿಮ್ಮದು, ನೀವೇ ಮಾಡಿ ಎಂದು ಸ್ಥಳೀಯರು ಬರೆದರು. ಹೀಗೇ ಎರಡು ಮಳೆಗಾಲ ಕಳೆಯಿತು. ನಾನು ಹೋದಾಗ ಒಳಗೋಡೆಯಲ್ಲಿ ಉಪ್ಪು ಹೂವಿನಂತೆ ಅರಳಿತ್ತು. ಗೋಡೆಯೊಳಗೆ ಸೇರಿದ್ದ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಹಿಡಿಯವರೆಗೂ ಹೋಯಿತು.

ಹಾಗಂತ "ಎಲ್ಲ ಊರಿನವರಿಗೇ ಬಿಡಿ" ಎನ್ನುವವರ ಪಕ್ಷವೂ ನನ್ನದಲ್ಲ. ಊರಿನವರಿಗೆ ಪ್ರೀತಿ ಜಾಸ್ತಿ. ಆ ಪ್ರೀತಿಯಲ್ಲಿ ಸಿಮೆಂಟ್ ತರುತ್ತಾರೆ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ತಾನೇ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು, ಕಲ್ಲಿನ ಮೈ ಪುಡಿಪುಡಿಯಾಗಿ ಉದುರುತ್ತದೆ. ಆದರೆ ಆಫ್ರಿಕಾದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿನ ಮಸೀದಿ ನೋಡಿ. 1988ರಲ್ಲಿ ಆ ಊರು ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ನಿಜ. ಮಣ್ಣಿನ ಆ ಗೋಡೆಗಳನ್ನು ನಿಲ್ಲಿಸಿರುವುದು ಮಾತ್ರ ಊರ ಗಾರೆಯವರು. ಅವರ ಉಸ್ತುವಾರಿಯಲ್ಲಿ ಊರಿಗೆ ಊರೇ ಸೇರಿ ವರ್ಷ ವರ್ಷ ಹೊಸ ಮಣ್ಣು ಮೆತ್ತುತ್ತದೆ.

ಜಪಾನಿನ ಹಿಮೆಜಿ ಕೋಟೆ ರಾಷ್ಟ್ರದ ಆಸ್ತಿ, ನೋಡಿಕೊಳ್ಳುವುದು ಹಿಮೆಜಿ ನಗರಾಡಳಿತ. 2009ರಿಂದ 2015ರವರೆಗೆ ಹೆಂಚು ಸರಿಪಡಿಸಿ, ಸುಣ್ಣದ ಗಾರೆ ಹೊಸದಾಗಿ ಬಳಿದರು. ಎರಡು ಕೈ ಸೇರಿದರೂ ಕೆಲಸ ಆಗುತ್ತದೆ, ಯಾವ ಕೈ ಎಲ್ಲಿಯವರೆಗೆ ಅಂತ ಗೊತ್ತಿರಬೇಕು ಅಷ್ಟೇ.

ನಾನು ವಕೀಲನಲ್ಲ. ಕಾನೂನು ದೇಶಕ್ಕೊಂದು ಥರ, ನಿಮ್ಮ ಕಡೆಯದ್ದನ್ನು ತಿಳಿದವರ ಹತ್ತಿರ ಕೇಳಿಕೊಳ್ಳಿ. ಆದರೆ ಸ್ಮಾರಕ ಮಾಡಿ ಎಂಬ ಮನವಿಗೆ ಸಹಿ ಸಂಗ್ರಹಿಸುವ ಮುಂಚೆ ಒಂದು ಹಾಳೆ ಬರೆದು ತನ್ನಿ: ಅನುಮತಿ ಕೇಳದೆ ಏನೇನು ಮಾಡಬಹುದು, ಪೈಪು ಕಟ್ಟಿದರೆ ಏಣಿ ಹತ್ತುವವರು ಯಾರು.

ಆ ಕಾವಲುಗಾರರು ಮೊನ್ನೆ ಫೋನ್ ಮಾಡಿದ್ದರು. ಏಣಿ ಹತ್ತಲು ಅನುಮತಿ ಬಂದಿದೆಯಂತೆ. ಸಹಿ ಒಂದು ಬಾಕಿ.