ಕಲ್ಚರ್ ರಿಪೋರ್ಟಿನ ‘ಆರ್’ ಯಾರದ್ದು?

ಕಳೆದ ತಿಂಗಳು ನಮ್ಮ ಲ್ಯಾಬಿನ ಕಿಟಕಿ ಹತ್ತಿರ ಒಬ್ಬರು ಬಂದು ನಿಂತರು. ಕೈಯಲ್ಲಿ ತಾಯಿಯ ಯೂರಿನ್ ಕಲ್ಚರ್ ರಿಪೋರ್ಟು, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿದ ಪರೀಕ್ಷೆಯದ್ದು. ‘ಮೇಡಂ, 14 ಔಷಧಿ ಹೆಸರಿದೆ, ಹತ್ತಕ್ಕೆ ಆರ್ ಅಂತ ಹಾಕಿದೀರ. ನಮ್ಮಮ್ಮನ ಮೈಗೆ ಇನ್ನು ಔಷಧಿ ಹಿಡಿಯೋದೇ ಇಲ್ವಾ?’

ವಾರಕ್ಕೊಮ್ಮೆಯಾದರೂ ಯಾರಾದರೂ ಇದನ್ನು ಕೇಳುತ್ತಾರೆ. ಚೆನ್ನಾಗಿ ಓದಿಕೊಂಡವರೂ ಕೇಳುತ್ತಾರೆ. ಆರ್ ಅಂದರೆ ರೆಸಿಸ್ಟೆಂಟ್, ಎಸ್ ಅಂದರೆ ಸೆನ್ಸಿಟಿವ್, ಔಷಧಿಗೆ ಬಗ್ಗುವಂಥದ್ದು. ಔಷಧಿಗೆ ಬಗ್ಗದೆ ನಿಂತಿರುವುದು ಅಮ್ಮನ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಅಮ್ಮನ ಮೈಗೆ ಏನೂ ಆಗಿಲ್ಲ. ನಾಳೆ ಅದೇ ಬ್ಯಾಕ್ಟೀರಿಯಾ ಪಕ್ಕದ ಹಾಸಿಗೆಯವರಿಗೆ ಅಂಟಿದರೆ ಆ ‘ಆರ್’ ಕೂಡ ಜೊತೆಗೇ ಹೋಗುತ್ತದೆ. ಹುಟ್ಟಿದಾಗಿನಿಂದ ಒಂದು ಆ್ಯಂಟಿಬಯೋಟಿಕ್ ಮಾತ್ರೆಯನ್ನೂ ನುಂಗದವರಿಗೂ ಅದು ಬರಬಹುದು.

ಈ ಅಕ್ಷರಗಳು ಎಲ್ಲಿಂದ ಬರುತ್ತವೆ ಅಂತ ಹೇಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲ ದಿನ ಒಂದು ಸಣ್ಣ ತಂತಿಯ ಕುಣಿಕೆಯಲ್ಲಿ ಒಂದೇ ಒಂದು ಮೈಕ್ರೋಲೀಟರ್ ಮೂತ್ರ ತೆಗೆದು, ಬ್ಯಾಕ್ಟೀರಿಯಾಗೆ ಬೇಕಾದ ಆಹಾರವಿರುವ ಪ್ಲೇಟಿನ ಮೇಲೆ ಎಳೆಯುತ್ತೇವೆ. ರಾತ್ರಿಯೆಲ್ಲ ಅದು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇರುತ್ತದೆ. ಬೆಳಿಗ್ಗೆ ಪ್ಲೇಟಿನಲ್ಲಿ 100 ಚುಕ್ಕೆ ಎದ್ದಿದ್ದರೆ, ಒಂದು ಮಿಲೀಲೀಟರ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಇತ್ತು ಅಂತ ಲೆಕ್ಕ. ಹೆಚ್ಚಿನ ಸಲ ಅದು ಇ-ಕೋಲೈ. ನಮ್ಮ ಕರುಳಿನಲ್ಲೇ ಇರುವ ಜೀವಿ, ದಾರಿ ತಪ್ಪಿ ಮೂತ್ರಕೋಶಕ್ಕೆ ಬಂದಿರುತ್ತದೆ.

ಎರಡನೇ ದಿನ ಅದೇ ಬ್ಯಾಕ್ಟೀರಿಯಾವನ್ನು ಇನ್ನೊಂದು ಪ್ಲೇಟಿಗೆ ಒಂದೇ ಸಮ ಹಚ್ಚಿ, ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಒಂದೊಂದು 6 ಮಿಲಿಮೀಟರ್ ಅಗಲ. ಮರುದಿನ ಬೆಳಿಗ್ಗೆ ಪ್ಲೇಟು ತೆಗೆದರೆ, ಬೂದುಬಣ್ಣದ ಹಾಸಿನ ನಡುವೆ ಬಿಲ್ಲೆಗಳ ಸುತ್ತ ಖಾಲಿ ವೃತ್ತಗಳು. ಔಷಧಿ ಎಲ್ಲಿವರೆಗೆ ಬ್ಯಾಕ್ಟೀರಿಯಾ ಬೆಳೆಯಲು ಬಿಡಲಿಲ್ಲವೋ ಅಲ್ಲಿವರೆಗೆ ಖಾಲಿ. ಸ್ಕೇಲು ಹಿಡಿದು ಅದನ್ನು ಅಳೆಯುತ್ತೇವೆ.

ದೊಡ್ಡ ವೃತ್ತ ಬಂದ ಔಷಧಿಯೇ ಗಟ್ಟಿ ಔಷಧಿ ಅಂತ ಅನ್ನಿಸುತ್ತೆ ಅಲ್ವಾ? ಹಾಗಿಲ್ಲ. ಇ-ಕೋಲೈಗೆ ಸಿಪ್ರೋಫ್ಲಾಕ್ಸಸಿನ್ ಸುತ್ತ 20 ಮಿಲಿಮೀಟರ್ ಬಂದರೂ ನಾವು ಬರೆಯುವುದು ‘ಆರ್’. ನೈಟ್ರೋಫ್ಯುರಂಟಾಯಿನ್ ಸುತ್ತ 18 ಬಂದರೆ ಅದಕ್ಕೆ ‘ಎಸ್’. ಒಂದೊಂದು ಔಷಧಿಗೂ ಗೆರೆ ಬೇರೆ, ಯಾಕೆಂದರೆ ಪ್ಲೇಟಿನಲ್ಲಿ ಹರಡುವ ರೀತಿ ಬೇರೆ, ಮೈಯಲ್ಲಿ ಸಿಗುವ ಪ್ರಮಾಣ ಬೇರೆ. ಈ ಗೆರೆಗಳೂ ಕಾಲಕಾಲಕ್ಕೆ ಜರುಗುತ್ತವೆ. ನಾವು ಅನುಸರಿಸುವ ಅಮೆರಿಕದ ನಿಯಮದಲ್ಲಿ ಮೊದಲು ಸಿಪ್ರೋಗೆ 21 ಬಂದರೆ ‘ಎಸ್’ ಆಗುತ್ತಿತ್ತು. 2019ರಿಂದ 26 ಬೇಕು. ಹಳೇ ರಿಪೋರ್ಟು ತೋರಿಸಿ ‘ಆಗ ಇದು ಆಗ್ತಿತ್ತಲ್ಲ’ ಅನ್ನುವವರಿಗೆ ಇದನ್ನು ವಿವರಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿರುತ್ತದೆ.

ಇನ್ನು ಆ ‘ಆರ್’ ಮಾಡುವ ಕೆಲಸ. ಕೆಲವು ಬ್ಯಾಕ್ಟೀರಿಯಾ ಔಷಧಿಯನ್ನು ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಇಎಸ್‌ಬಿಎಲ್ ಅಂತ ರಿಪೋರ್ಟಿನಲ್ಲಿ ಬರುವುದು ಇಂಥದೇ ಕಿಣ್ವಗಳ ಹೆಸರು. ಇದನ್ನು ಪ್ಲೇಟಿನಲ್ಲಿ ಕಣ್ಣಾರೆ ನೋಡಬಹುದು. ಸೆಫೋಟಾಕ್ಸಿಮ್ ಅನ್ನುವ ಆ್ಯಂಟಿಬಯೋಟಿಕ್ ಬಿಲ್ಲೆಯ ಪಕ್ಕ ಕ್ಲಾವುಲಾನಿಕ್ ಆಸಿಡ್ ಇರುವ ಬಿಲ್ಲೆ ಇಟ್ಟರೆ, ಎರಡರ ನಡುವೆ ಮಾತ್ರ ಖಾಲಿ ಜಾಗ ಉಬ್ಬಿಕೊಂಡು ಬೀಗದ ತೂತಿನ ಆಕಾರ ಬರುತ್ತದೆ. ಕ್ಲಾವುಲಾನಿಕ್ ಆಸಿಡ್ ಹೋಗಿ ಆ ಕಿಣ್ವದ ಕೈ ಕಟ್ಟಿಹಾಕಿರುತ್ತದೆ, ಅಷ್ಟು ಜಾಗದಲ್ಲಿ ಸೆಫೋಟಾಕ್ಸಿಮ್ ಕೆಲಸ ಮಾಡಿರುತ್ತದೆ. ಇಷ್ಟು ವರ್ಷ ಆದರೂ ಆ ಆಕಾರ ಕಂಡರೆ ಪಕ್ಕದವರನ್ನು ಕರೆದು ತೋರಿಸುತ್ತೇನೆ.

ಕಿಣ್ವ ಮಾಡುವ ವಿದ್ಯೆ ಹೆಚ್ಚಾಗಿ ಪ್ಲಾಸ್ಮಿಡ್ ಅನ್ನುವ ಚಿಕ್ಕ ಡಿಎನ್‌ಎ ಉಂಗುರದಲ್ಲಿರುತ್ತದೆ. ಬ್ಯಾಕ್ಟೀರಿಯಾಗಳು ಇದನ್ನು ಒಂದಕ್ಕೊಂದು ಕೊಟ್ಟುಕೊಳ್ಳುತ್ತವೆ. ಥೇಟ್ ಪಕ್ಕದ ಮನೆಯವರಿಗೆ ಹೆಪ್ಪಿಗೆ ಮೊಸರು ಕೊಟ್ಟ ಹಾಗೆ. ಕೊಟ್ಟವರ ಮೊಸರು ಖಾಲಿಯಾಗುವುದಿಲ್ಲ, ಬೆಳಗಾದರೆ ತಗೊಂಡವರ ಮನೆಯಲ್ಲೂ ಒಂದು ಪಾತ್ರೆ. ಕ್ಲೆಬ್ಸಿಯೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಇ-ಕೋಲೈಗೂ ಕೊಡುತ್ತದೆ, ಜಾತಿ ಬೇರೆ ಅಂತ ನೋಡುವುದಿಲ್ಲ. ಮೆರೋಪೆನೆಮ್‌ನಂಥ ದೊಡ್ಡ ಔಷಧಿಯನ್ನೇ ಕತ್ತರಿಸುವ ಎನ್‌ಡಿಎಂ ಕಿಣ್ವವೂ ಹೀಗೇ ಹರಡುವುದು. ದೆಹಲಿಯಲ್ಲಿ ಆಸ್ಪತ್ರೆಗೆ ಸೇರಿದ್ದ ಸ್ವೀಡನ್‌ನ ರೋಗಿಯೊಬ್ಬರಲ್ಲಿ ಇದು ಸಿಕ್ಕಿತ್ತು. 2009ರಲ್ಲಿ ವರದಿ ಮಾಡಿದವರು ನ್ಯೂಡೆಲ್ಲಿಯ ಹೆಸರನ್ನೇ ಇಟ್ಟರು, ಎನ್‌ಡಿ ಅಂದರೆ ಅದೇ. ಊರಿನ ಹೆಸರು ಯಾಕೆ ಇಟ್ಟಿರಿ ಅಂತ ನಮ್ಮಲ್ಲಿ ಗಲಾಟೆ ಜೋರಾಗಿತ್ತು. ಆ ಗಲಾಟೆಯ ಕಾಲು ಭಾಗದಷ್ಟಾದರೂ ಆಸ್ಪತ್ರೆಗಳ ಕೈ ತೊಳೆಯುವ ನಲ್ಲಿಗಳ ಬಗ್ಗೆ ಆಗಬೇಕಿತ್ತು ಅಂತ ನನಗೆ ಅನ್ನಿಸಿತ್ತು.

ಮೆರೋಪೆನೆಮ್‌ಗೂ ‘ಆರ್’ ಬಂದರೆ ಐಸಿಯುನಲ್ಲಿ ಎಷ್ಟೋ ಸಲ ಉಳಿಯುವುದು ಕೊಲಿಸ್ಟಿನ್. 1950ರ ದಶಕದ ಔಷಧಿ, ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ ಮೂಲೆಗೆ ಸೇರಿತ್ತು. ಅದನ್ನೇ ಕೋಳಿಗಳ ತೂಕ ಹೆಚ್ಚಿಸಲು ಆಹಾರದಲ್ಲಿ ಬೆರೆಸುತ್ತಿದ್ದರು. ಅದಕ್ಕೂ ‘ಆರ್’ ಹರಡುವ ಭಯದಿಂದ 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಾಗೆ ಬೆರೆಸುವುದನ್ನು ನಿಷೇಧಿಸಿತು.

ಮತ್ತೆ ಆ ಅಮ್ಮನ ವಿಷಯಕ್ಕೆ ಬರುತ್ತೇನೆ. ಮಗನನ್ನು ಕೂರಿಸಿ ಕೇಳಿದೆ. ಜ್ವರ ಇಲ್ಲ, ಬೆನ್ನುನೋವಿಲ್ಲ, ಮೂತ್ರಕ್ಕೆ ಹೋದಾಗ ಉರಿ ಮಾತ್ರ. ಇದಕ್ಕೂ ಮುಂಚೆ ಇನ್ನೊಂದು ಕಡೆ ಒಂದು ಕಲ್ಚರ್ ಆಗಿತ್ತು, ‘ಬೆಳವಣಿಗೆ ಇಲ್ಲ’ ಅಂತ ಬಂದಿತ್ತು. ‘ಮಾತ್ರೆ ಏನಾದ್ರೂ ತಗೊಂಡಿದ್ರಾ?’ ಅಂದೆ. ಉರಿ ತಡೆಯಲಾರದೆ, ಮನೆಯಲ್ಲಿ ಹಿಂದಿನ ಸಲ ಉಳಿದಿದ್ದ ಎರಡು ಸಿಪ್ರೋ ನುಂಗಿ ಆಮೇಲೆ ಆ ಮೊದಲಿನ ಸ್ಯಾಂಪಲ್ ಕೊಟ್ಟಿದ್ದರು. ಮೂತ್ರದಲ್ಲಿ ಔಷಧಿ ಇಳಿದಿದ್ದರೆ ಪ್ಲೇಟಿನಲ್ಲಿ ಏನೂ ಬೆಳೆಯದೇ ಇರಬಹುದು, ಒಳಗಿನ ಕಾಯಿಲೆ ಹಾಗೇ ಇರುತ್ತದೆ. ಕಲ್ಚರ್‌ಗೆ ಬರೆದಿದ್ದರೆ ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ. ಕೊಟ್ಟ ಡಬ್ಬಿಯನ್ನೂ ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಬೆಚ್ಚಗಿದ್ದರೆ ಇ-ಕೋಲೈ 20 ನಿಮಿಷಕ್ಕೆ ಎರಡರಷ್ಟಾಗಬಲ್ಲದು. ಬಸ್ಸಿನಲ್ಲಿ ಮೂರು ಗಂಟೆ ಕೂತು ಬಂದ ಡಬ್ಬಿಯಲ್ಲಿ ಲಕ್ಷ ಏನು, ಕೋಟಿಯೂ ಸಿಗುತ್ತದೆ.

ರಿಪೋರ್ಟಿನಲ್ಲಿ ನೈಟ್ರೋಫ್ಯುರಂಟಾಯಿನ್‌ಗೆ ‘ಎಸ್’ ಇತ್ತು. ತುಂಬ ಹಳೇ ಮಾತ್ರೆ. ಬೆಲೆಯೂ ಕಡಿಮೆ. ಅದು ಸಾಕಷ್ಟು ಪ್ರಮಾಣದಲ್ಲಿ ಸೇರುವುದು ಮೂತ್ರದಲ್ಲಿ ಮಾತ್ರ, ರಕ್ತದಲ್ಲಿ ಅಲ್ಲ. ಹಾಗಾಗಿ ಜ್ವರ ಬಂದು ಸೋಂಕು ಕಿಡ್ನಿಗೆ ಏರಿದ್ದರೆ ಕಾಗದದ ಆ ‘ಎಸ್’ ಉಪಯೋಗಕ್ಕೆ ಬರುವುದಿಲ್ಲ. ಇವರಿಗೆ ಬರುತ್ತದೆ. ‘ಡಾಕ್ಟರ್ ಹತ್ರ ಈ ಕಾಗದ ತಗೊಂಡು ಹೋಗಿ, ಅಮ್ಮನ ಕಿಡ್ನಿ ರಿಪೋರ್ಟು ಇದ್ರೆ ಅದನ್ನೂ ತೋರ್ಸಿ’ ಅಂದೆ. ‘ಇಷ್ಟು ಆರ್ ಇದ್ರೂ ಬರೀ ಮಾತ್ರೆ ಸಾಕಾ? ಇಂಜೆಕ್ಷನ್ ಬೇಡ್ವಾ?’ ಅವರಿಗೆ ನಂಬಿಕೆ ಬರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹತ್ತು ದಿನದ ಮೇಲೆ ಮತ್ತೆ ಬಂದರು, ಕೈಯಲ್ಲಿ ಹೊಸ ಖಾಲಿ ಡಬ್ಬಿ. ‘ಅಮ್ಮಂಗೆ ಉರಿ ಪೂರ್ತಿ ಹೋಯ್ತು ಮೇಡಂ. ಕೀಟಾಣು ಹೋಗಿದ್ಯಾ ಅಂತ ಇನ್ನೊಂದು ಸಲ ಕಲ್ಚರ್ ಮಾಡಿಸ್ಬಿಡೋಣ.’

‘ಉರಿ ಇಲ್ಲ ಅಂದ್ಮೇಲೆ ಬೇಡ. ಆ ವಯಸ್ಸಲ್ಲಿ ತೊಂದ್ರೆ ಇಲ್ದಿದ್ರೂ ಮೂತ್ರದಲ್ಲಿ ಏನಾದ್ರೂ ಬೆಳೆಯುತ್ತೆ. ನಾನು ರಿಪೋರ್ಟ್ ಕೊಡ್ತೀನಿ, ಯಾರೋ ಮತ್ತೆ ಮಾತ್ರೆ ಬರೀತಾರೆ.’

ಅವರು ಸ್ವಲ್ಪ ಹೊತ್ತು ಡಬ್ಬಿ ತಿರುಗಿಸುತ್ತಾ ನಿಂತರು. ಆಮೇಲೆ ಅದನ್ನು ಕಿಟಕಿಯ ಕಟ್ಟೆ ಮೇಲಿಟ್ಟು, ‘ಯಾರಿಗಾದ್ರೂ ಕೊಡಿ’ ಅಂದು ಹೊರಟರು.