ಸ್ಟೇರ್‌ಲಿಫ್ಟ್ ಕೂಡಿಸುವ ಮೊದಲು ಪಾವಟಿಗೆಯನ್ನು ಬಡಿದು ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮೂವತ್ತು-ನಲವತ್ತರ ಸೈಟಿನ ಎಷ್ಟೋ ಮನೆಗಳಲ್ಲಿ ಕೆಳಗೆ ಬಾಡಿಗೆದಾರರು, ಮೇಲೆ ಮಾಲೀಕರು. ಮೊಣಕಾಲು ಸವೆದ ಹಿರಿಯರಿಗಾಗಿ ಮೆಟ್ಟಿಲುಗುಂಟ ಹಳಿಯ ಮೇಲೆ ಏರಿಳಿಯುವ ಕುರ್ಚಿ, ಅಂದರೆ ಸ್ಟೇರ್‌ಲಿಫ್ಟ್ ವಿಚಾರಿಸಲು ಬರುವವರು ಮೊದಲು ಕೇಳುವುದು ಕುರ್ಚಿ ಎಷ್ಟು ಭಾರ ಹೊರುತ್ತದೆ ಎಂದು. ಸಾಮಾನ್ಯ ಮಾದರಿಗಳು 120 ಕೆಜಿಯಷ್ಟು ಹೊರುತ್ತವೆ, ಅದರ ಚಿಂತೆ ಕಡಿಮೆ. ಕೆಲಸ ಕೆಡುವುದು ಪಾವಟಿಗೆಯಲ್ಲಿ.

ಕುರ್ಚಿ ಓಡುವ ಹಳಿ ಗೋಡೆಯ ಮೇಲೆ ನಿಲ್ಲುವುದಿಲ್ಲ. ಅದರ ಕಾಲುಗಳನ್ನು ಮೆಟ್ಟಿಲುಗಳಿಗೇ ಬೋಲ್ಟ್ ಮಾಡುತ್ತಾರೆ. ಹಾಗಾಗಿ ಮಣ್ಣಿನ ಗೋಡೆಯ ಮನೆಯವರು ಗೋಡೆಯ ಬಗ್ಗೆ ಹೆದರಬೇಕಿಲ್ಲ, ಮೆಟ್ಟಿಲಿನ ಒಳಗೆ ಏನಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಆರ್‌ಸಿಸಿ ಪಾವಟಿಗೆ ಎಂದರೆ ಪೂರ್ತಿ ಕಾಂಕ್ರೀಟೇ ಎಂದುಕೊಳ್ಳಬೇಡಿ. ಎಷ್ಟೋ ಕಡೆ ಓರೆ ಸ್ಲ್ಯಾಬಿನ ಮೇಲೆ ಗೌಂಡಿಗಳು ಇಟ್ಟಿಗೆಯಿಂದ ಮೆಟ್ಟಿಲು ಕಟ್ಟಿ, ಗಾರೆ ಹಾಕಿ, ಮೇಲೆ ಗ್ರಾನೈಟ್ ಅಥವಾ ಶಹಾಬಾದ್ ಫರಸಿ ಕೂಡಿಸಿರುತ್ತಾರೆ. ಇಟ್ಟಿಗೆಯೊಳಗೆ ಹಿಗ್ಗುವ ಬೋಲ್ಟ್ ಹಾಕಿದರೆ ಬಿಗಿದಷ್ಟೂ ಇಟ್ಟಿಗೆ ಸೀಳುತ್ತದೆ. ಅಲ್ಲಿ ರಾಸಾಯನಿಕ ಅಂಟಿನ ಆ್ಯಂಕರ್ ಬೇಕು. ರಂಧ್ರದ ಧೂಳನ್ನು ಬ್ರಷ್ ಮತ್ತು ಪಂಪಿನಿಂದ ಪೂರ್ತಿ ತೆಗೆದ ಮೇಲೆಯೇ ಅಂಟು ತುಂಬಬೇಕು. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗುವ ಮುನ್ನ ಭಾರ ಹಾಕಬಾರದು.

ಕಲ್ಲಿನ ಕೆಳಗೆ ಪೊಳ್ಳಿದೆಯೇ ಎಂದು ತಿಳಿಯಲು ಮರದ ಸುತ್ತಿಗೆಯಿಂದ ಪ್ರತಿ ಮೆಟ್ಟಿಲನ್ನೂ ಬಡಿಯಬೇಕು. ಡೊಳ್ಳು ಸದ್ದು ಬಂದ ಕಡೆ ಕಾಲು ಕೂಡಿಸಬಾರದು, ಅಥವಾ ಆ ಕಲ್ಲನ್ನು ಎಬ್ಬಿಸಿ ಮತ್ತೆ ಹಾಕಿಸಬೇಕು. 18 ಮಿಮೀ ಗ್ರಾನೈಟನ್ನು ಹ್ಯಾಮರ್ ಡ್ರಿಲ್‌ನಿಂದ ಕೊರೆದರೆ ಬಿರುಕು ಬಿಡುವ ಅಪಾಯ ಹೆಚ್ಚು. ಮೊದಲು ಡೈಮಂಡ್ ಬಿಟ್, ಹ್ಯಾಮರ್ ಬಂದ್, ನೀರು ಬಿಡುತ್ತ ನಿಧಾನ. ಕಲ್ಲು ದಾಟಿದ ಮೇಲೆ ಮಾತ್ರ ಕಾಂಕ್ರೀಟಿಗೆ ಹ್ಯಾಮರ್. ಮೆಟ್ಟಿಲಿನ ಮುಂದಂಚಿನಲ್ಲಿ ಕಲ್ಲು ಹೊರಚಾಚಿದ ಭಾಗಕ್ಕೆ ಕೆಳಗೆ ಆಧಾರವಿಲ್ಲ, ಬೋಲ್ಟ್ ಅಲ್ಲಿ ಬೀಳಲೇಬಾರದು.

ಗದಗ, ಹಾವೇರಿ ಕಡೆಯ ಹಳೆಯ ಮಾಳಿಗೆ ಮನೆಗಳ ಕಟ್ಟಿಗೆ ಪಾವಟಿಗೆಯ ತೊಡಕು ಬೇರೆ. ಒಂದು ಮೆಟ್ಟಿಲಿನ ಎತ್ತರ 9 ಇಂಚು, ಕಾಲಿಡುವ ಅಗಲ 7 ಇಂಚು ಇದ್ದರೆ ಏರು ಸುಮಾರು 52 ಡಿಗ್ರಿ ಆಗುತ್ತದೆ. ಹಲವು ಮಾದರಿಗಳ ಮಿತಿ ಅಲ್ಲಿಗೇ ಮುಗಿಯುತ್ತದೆ. ಹೋಲಿಸಿ ನೋಡಿ: 190 ಮಿಮೀ ಎತ್ತರ, 250 ಮಿಮೀ ಅಗಲದ ಮೆಟ್ಟಿಲಿನ ಏರು 37 ಡಿಗ್ರಿ ಮಾತ್ರ. ಹಲಗೆಯ ಕೆಳಗೆ ಸ್ಕ್ರೂಡ್ರೈವರ್ ತುದಿ ಒತ್ತಿ ಗೆದ್ದಲು ನೋಡಿ. ಗಟ್ಟಿಯಿದ್ದರೂ ಬರೀ ಸ್ಕ್ರೂ ನಂಬದೆ, ಕೆಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಿಸುವುದೇ ಸರಿ.

ತಿರುವಿನಲ್ಲಿ ಎರಡು ದಾರಿ. ಒಂದು, ಬಾಗಿದ ಹಳಿ. ಅದನ್ನು ನಿಮ್ಮ ಪಾವಟಿಗೆಯ ಅಳತೆಗೇ ಮಾಡಿಸಬೇಕು, ಬೆಲೆ ಬಹಳ ಹೆಚ್ಚು, ಮನೆ ಬದಲಿಸಿದರೆ ಇನ್ನೊಂದು ಕಡೆ ಹೊಂದುವುದಿಲ್ಲ. ಇನ್ನೊಂದು, ನಡುವೆ ಚೌಕ ಅಟ್ಟಣೆ (ಲ್ಯಾಂಡಿಂಗ್) ಇದ್ದರೆ ಎರಡು ನೇರ ಹಳಿ, ಎರಡು ಕುರ್ಚಿ. ಅಗ್ಗವೇನೋ ಹೌದು, ಆದರೆ ನಡುವೆ ಎದ್ದು ಇನ್ನೊಂದರ ಮೇಲೆ ಕೂಡಬೇಕು. ಪಾರ್ಶ್ವವಾಯು ಆದವರಿಗೆ ಈ ಬದಲಾವಣೆಯೇ ಬೀಳುವ ಜಾಗ, ಅವರಿಗೆ ಇದು ಬೇಡ. ತಿರುವಿನಲ್ಲಿ ತ್ರಿಕೋನಾಕಾರದ ಮೆಟ್ಟಿಲುಗಳಿದ್ದರೆ ಇನ್ನೊಂದು ಪ್ರಶ್ನೆ: ಹಳಿ ಒಳಬದಿಗೋ, ಹೊರಬದಿಗೋ? ಹೊರಬದಿಯ ಗೋಡೆಗುಂಟ ಹಾಕಿದರೆ ಕುರ್ಚಿ ಸಲೀಸಾಗಿ ತಿರುಗುತ್ತದೆ, ಆದರೆ ನಡೆಯುವವರಿಗೆ ಉಳಿಯುವುದು ಚೂಪಾದ ತುದಿ ಮಾತ್ರ. ಮನೆಯಲ್ಲಿ ಮಕ್ಕಳು, ಮುದುಕರು ಕಾಲ್ನಡಿಗೆಯಲ್ಲೇ ಏರಿ ಇಳಿಯುವುದಾದರೆ ಒಳಬದಿಯೇ ಒಳ್ಳೆಯದು, ಹಳಿ ಅಷ್ಟು ಬಿಗಿಯಾಗಿ ಬಾಗಬಲ್ಲದಾದರೆ.

ಕೆಳತುದಿಯಲ್ಲಿ ನೇರ ಹಳಿ ಮೊದಲ ಮೆಟ್ಟಿಲಿನಾಚೆ ಸುಮಾರು ಒಂದು ಅಡಿ ಚಾಚುತ್ತದೆ. ಅಲ್ಲೇ ಬಾಗಿಲು ಅಥವಾ ಕೊಲ್ಯಾಪ್ಸಿಬಲ್ ಗೇಟು ಇದ್ದರೆ ಮಡಚುವ ಹಳಿ ಬೇಕು. ಮೇಲ್ತುದಿಯಲ್ಲಿ ಕುರ್ಚಿ ಅಟ್ಟಣೆಯ ಕಡೆ ತಿರುಗಿ ಬೀಗ ಬೀಳಬೇಕು, ಇಳಿಯುವವರ ಬೆನ್ನು ಪಾವಟಿಗೆಗೆ ಇರಬೇಕು. ಒಂದು ಮೆಟ್ಟಿಲು ಕೆಳಗೇ ನಿಲ್ಲಿಸಿದರೆ ನಡೆಯುತ್ತದೆ ಎನ್ನುವವರ ಮಾತು ಒಪ್ಪಬೇಡಿ. ಬೀಮಿನ ಕೆಳಗೆ ತಲೆ ತಾಗುತ್ತದೆಯೇ, ಎದುರಿನ ಕಟಾಂಜನಕ್ಕೆ ಮೊಣಕಾಲು ಉಜ್ಜುತ್ತದೆಯೇ ಎಂದು ಕೂಡುವವರನ್ನೇ ಕುರ್ಚಿಯಲ್ಲಿ ಕೂಡಿಸಿ ಅಳೆಯಿರಿ: ಹಿಮ್ಮಡಿಯಿಂದ ನೆತ್ತಿಗೆ, ಬೆನ್ನಿನಿಂದ ಮೊಣಕಾಲಿಗೆ. ಮೊಣಕಾಲು ಮಡಚಲು ಬಾರದವರ ಅಳತೆ ಇನ್ನೂ ಉದ್ದ ಬರುತ್ತದೆ.

ಕರೆಂಟ್ ಹೋದರೆ ನಡುದಾರಿಯಲ್ಲಿ ಸಿಕ್ಕಿಬೀಳುವ ಭಯ ಬೇಡ. ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳೇ ಮೋಟಾರನ್ನು ಓಡಿಸುತ್ತವೆ, ಹೆಸ್ಕಾಂ ಕರೆಂಟಿನ ಕೆಲಸ ಅವುಗಳನ್ನು ಚಾರ್ಜ್ ಮಾಡುವುದಷ್ಟೇ. ಹೆಚ್ಚಿನ ಮಾದರಿಗಳಲ್ಲಿ ಚಾರ್ಜ್ ಆಗುವುದು ಹಳಿಯ ಎರಡು ತುದಿಗಳಲ್ಲಿ ಮಾತ್ರ. ಕುರ್ಚಿಯನ್ನು ನಡುವೆ ಬಿಟ್ಟರೆ, ಅಥವಾ ಮಲಗುವ ಮುಂಚೆ ಎಲ್ಲ ಸ್ವಿಚ್ ಆರಿಸುವ ರೂಢಿಯಲ್ಲಿ ಇದನ್ನೂ ಆರಿಸಿದರೆ, ಬ್ಯಾಟರಿ ಬೇಗ ಸಾಯುತ್ತದೆ. ಅದಕ್ಕೇ ಅರ್ಥಿಂಗ್ ಇರುವ ಪ್ರತ್ಯೇಕ ಪಾಯಿಂಟ್, ಪ್ರತ್ಯೇಕ ಎಂಸಿಬಿ ಕೊಡಿಸಿ, ಸ್ವಿಚ್ ಕೈಗೆ ಸಿಗದ ಹಾಗೆ ಮಾಡಿಸಿ.

ಪಾವಟಿಗೆ ಮನೆಯ ಹೊರಗಿದ್ದರೆ ಹೊರಾಂಗಣದ ಮಾದರಿಯೇ ಬೇಕು. ಧಾರವಾಡದ ಓರೆ ಮಳೆಗೆ ಬರೀ ಹೊದಿಕೆ ಸಾಲದು, ಮೇಲೆ ಶೀಟ್ ಹಾಕಿಸಿ. ಹಳಿಯ ಹಲ್ಲುಗಳಿಗೆ ಮನೆಯಲ್ಲಿದ್ದ ಎಣ್ಣೆ ಸುರಿಯಬೇಡಿ. ಎರೆ ಮಣ್ಣಿನ ಧೂಳು ಅದಕ್ಕೆ ಅಂಟಿ ಹಲ್ಲು ಸವೆಸುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಗ್ರೀಸು ಸರ್ವಿಸ್‌ನವರು ಹಾಕಲಿ.