ಪೆರುವಿನ ವಿಮಾನ ದುರಂತಗಳು: ಹೊರಬಂದ ವರದಿಗಳು, ಬೀರುವಿನಲ್ಲೇ ಉಳಿದ ವರದಿಗಳು

ಇಕಿಟೋಸ್‌ಗೆ ರಸ್ತೆ ಇಲ್ಲ. ಅದೇನು ಕಾಡಂಚಿನ ಪುಟ್ಟ ಹಳ್ಳಿಯಲ್ಲ, ನಾಲ್ಕು ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರ. ಪೆರು ದೇಶದ ಅಮೆಜಾನ್ ಕಾಡಿನ ನಡುವೆ ಇದೆ. ರಾಜಧಾನಿ ಲಿಮಾದಿಂದ ಅಲ್ಲಿಗೆ ಹೋಗಲು ಇರುವುದು ಎರಡೇ ದಾರಿ. ವಿಮಾನ ಹತ್ತಬೇಕು, ಇಲ್ಲವೇ ಬೆಟ್ಟ ದಾಟಿ ನದಿಯವರೆಗೆ ಹೋಗಿ ಅಲ್ಲಿಂದ ದಿನಗಟ್ಟಲೆ ದೋಣಿಯಲ್ಲಿ ಕೂರಬೇಕು.

ಪೆರುವಿನ ನೆಲವೇ ಹಾಗಿದೆ. ಪಶ್ಚಿಮಕ್ಕೆ ಕಡಲು, ಅದರ ಪಕ್ಕ ಮರುಭೂಮಿಯ ಸಣ್ಣ ಪಟ್ಟಿ, ನಡುವೆ ಆಂಡಿಸ್ ಪರ್ವತಗಳು, ಆಚೆಗೆ ದಟ್ಟ ಕಾಡು. ಕುಸ್ಕೋ ವಿಮಾನ ನಿಲ್ದಾಣ ಇರುವುದು ಸುಮಾರು 3,300 ಮೀಟರ್ ಎತ್ತರದಲ್ಲಿ, ಹೂಲಿಯಾಕಾ ನಿಲ್ದಾಣ 3,800 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಎಂಜಿನ್‌ನ ಬಲ ಕುಗ್ಗುತ್ತದೆ, ಮೇಲೇಳಲು ಹೆಚ್ಚು ವೇಗ ಬೇಕು, ಉದ್ದದ ರನ್‌ವೇ ಬೇಕು. ಸುತ್ತ ಬೆಟ್ಟ ಇರುವುದರಿಂದ ತಪ್ಪಾದರೆ ತಿದ್ದಿಕೊಳ್ಳಲು ಜಾಗವೂ ಕಡಿಮೆ.

ಹೀಗಾಗಿ ಬೇರೆ ಕಡೆ ಬಸ್ಸು ಮಾಡುವ ಕೆಲಸವನ್ನು ಇಲ್ಲಿ ವಿಮಾನ ಮಾಡಬೇಕಾಯಿತು. ಖಾಸಗಿ ಕಂಪನಿಗಳು ಹೋಗದ ಕಡೆಗೆ ವಾಯುಪಡೆಯೇ ಜನರನ್ನು ಸಾಗಿಸಿತು. ನೌಕಾಪಡೆಯ ವಿಮಾನಗಳೂ ಬಾಡಿಗೆಗೆ ಹಾರಿದವು. ಪೆರುವಿನ ಅಪಘಾತಗಳ ಇತಿಹಾಸ ಓದುವಾಗ ಮೊದಲು ಕಣ್ಣಿಗೆ ಬೀಳುವುದು ಇದೇ. ಯಾವುದು ಸೇನೆಯ ಅಪಘಾತ, ಯಾವುದು ನಾಗರಿಕರದ್ದು ಎಂದು ಗೆರೆ ಎಳೆಯುವುದು ಕಷ್ಟ. ವಿಮಾನ ಸೇನೆಯದು, ಸತ್ತವರು ಸಾಮಾನ್ಯ ಜನ. ಆಮೇಲೆ ಏನಾಯಿತು ಎಂದು ಯಾರು ಹೇಳಬೇಕು ಅನ್ನುವ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

ಅಂದ ಹಾಗೆ, ಲಿಮಾದ ವಿಮಾನ ನಿಲ್ದಾಣಕ್ಕೆ ಇಟ್ಟಿರುವುದು ವಿಮಾನ ಅಪಘಾತದಲ್ಲೇ ತೀರಿಕೊಂಡವನ ಹೆಸರು! ಹೋರ್ಹೆ ಚಾವೆಸ್ ಪೆರುವಿನ ತಂದೆತಾಯಿಗೆ ಪ್ಯಾರಿಸ್‌ನಲ್ಲಿ ಹುಟ್ಟಿದವನು. 1910ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ವಿಮಾನದಲ್ಲಿ ಆಲ್ಪ್ಸ್ ಪರ್ವತ ದಾಟಿದ. ಇಟಲಿಯ ಡೊಮೊಡೊಸ್ಸೊಲಾದಲ್ಲಿ ಇನ್ನೇನು ಇಳಿಯಬೇಕು ಅನ್ನುವಾಗ ವಿಮಾನ ನೆಲಕ್ಕೆ ಬಿತ್ತು. ನಾಲ್ಕು ದಿನಗಳ ನಂತರ ತೀರಿಕೊಂಡ. ಆಗ ಅವನಿಗೆ 23 ವರ್ಷ.

ನಾಗರಿಕ ವಿಮಾನಗಳ ಕಥೆಯಲ್ಲಿ ಮೊದಲು ಹೇಳಬೇಕಾದದ್ದು ಲಾನ್ಸಾ ಕಂಪನಿಯದು. 1966ರ ಏಪ್ರಿಲ್‌ನಲ್ಲಿ ಲಿಮಾದಿಂದ ಕುಸ್ಕೋಗೆ ಹೊರಟ ಅದರ ವಿಮಾನ ಬೆಟ್ಟಕ್ಕೆ ಬಡಿದು 49 ಜನ ಸತ್ತರು. 1970ರ ಆಗಸ್ಟ್ 9ರಂದು ಕುಸ್ಕೋದಿಂದ ಲಿಮಾಕ್ಕೆ ಹೊರಟ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನದ ಒಂದು ಎಂಜಿನ್‌ಗೆ ಮೇಲೇರುವಾಗಲೇ ಬೆಂಕಿ ಹತ್ತಿತು. ವಾಪಸ್ ಬರಲು ತಿರುಗಿದಾಗ ಹತೋಟಿ ತಪ್ಪಿ ಬಿತ್ತು. ಒಳಗಿದ್ದ 100 ಜನರಲ್ಲಿ ಬದುಕಿದ್ದು ಸಹ ಪೈಲಟ್ ಒಬ್ಬರೇ. ಸತ್ತವರಲ್ಲಿ ಬಹಳಷ್ಟು ಮಂದಿ ವಿನಿಮಯ ಕಾರ್ಯಕ್ರಮಕ್ಕೆಂದು ಬಂದಿದ್ದ ಅಮೆರಿಕದ ಶಾಲಾ ವಿದ್ಯಾರ್ಥಿಗಳು. ನೆಲದ ಮೇಲಿದ್ದ ಇಬ್ಬರೂ ಸತ್ತರು. ಎಂಜಿನ್ ಕೆಟ್ಟಾಗ ಮಾಡಬೇಕಾದ್ದನ್ನು ಸಿಬ್ಬಂದಿ ಸರಿಯಾಗಿ ಮಾಡಲಿಲ್ಲ, ವಿಮಾನದ ನಿರ್ವಹಣೆಯೂ ಸರಿ ಇರಲಿಲ್ಲ ಎಂದು ತನಿಖೆ ಹೇಳಿತು. ಕಂಪನಿಗೆ ದಂಡ ಬಿತ್ತು, ಸ್ವಲ್ಪ ಕಾಲ ಹಾರಾಟ ನಿಲ್ಲಿಸಬೇಕಾಯಿತು. ಅಷ್ಟೇ. ಆಮೇಲೆ ಮತ್ತೆ ಹಾರಿತು.

ಮುಂದಿನ ವರ್ಷವೇ ಮೂರನೆಯದು. 1971ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಎಲ್ಲರಿಗೂ ಮನೆ ಸೇರುವ ಆತುರ. ಲಿಮಾದಿಂದ ಕಾಡಿನ ಊರು ಪುಕಾಲ್ಪಾಕ್ಕೆ ಹೊರಟಿದ್ದ ಲಾನ್ಸಾ 508 ನೇರವಾಗಿ ಗುಡುಗು ಮಳೆಯ ಮೋಡದೊಳಗೆ ಹೋಯಿತು. ಸಿಡಿಲು ಬಡಿದು, ರೆಕ್ಕೆ ಮುರಿದು, ವಿಮಾನ ಆಕಾಶದಲ್ಲೇ ಚೂರಾಯಿತು. 92 ಜನರಲ್ಲಿ 91 ಮಂದಿ ಸತ್ತರು. ಬದುಕಿದ್ದು 17 ವರ್ಷದ ಹುಡುಗಿ ಯೂಲಿಯಾನೆ ಕೊಪ್ಕೆ. ಸೀಟಿಗೆ ಬೆಲ್ಟ್ ಕಟ್ಟಿಕೊಂಡೇ ಸುಮಾರು 3 ಕಿಲೋಮೀಟರ್ ಎತ್ತರದಿಂದ ಕಾಡಿನೊಳಗೆ ಬಿದ್ದಳು. ಕಾಲರ್ ಮೂಳೆ ಮುರಿದಿತ್ತು. ತೋಳಿನ ಗಾಯದಲ್ಲಿ ಹುಳುವಾಗಿತ್ತು. ಅವಳ ಅಪ್ಪ ಅಮ್ಮ ಇಬ್ಬರೂ ಜೀವವಿಜ್ಞಾನಿಗಳು, ಆ ಕಾಡಿನಲ್ಲೇ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ದಾರಿ ತಪ್ಪಿದರೆ ನೀರು ಹರಿಯುವ ದಿಕ್ಕಿಗೆ ನಡೆ, ಎಲ್ಲಾದರೂ ಜನ ಸಿಗುತ್ತಾರೆ ಎಂದು ಅಪ್ಪ ಕಲಿಸಿದ್ದರು. ಅವಳು ಹಾಗೇ ಮಾಡಿದಳು. ಕೊನೆಗೆ ಮರ ಕಡಿಯುವವರ ಗುಡಿಸಲು ಸಿಕ್ಕಿತು. ಅಲ್ಲಿದ್ದ ಇಂಧನವನ್ನೇ ಗಾಯಕ್ಕೆ ಸುರಿದುಕೊಂಡು ಹುಳು ತೆಗೆದಳು. ಜೊತೆಗಿದ್ದ ಅಮ್ಮ ಬದುಕಲಿಲ್ಲ.

ಈ ಹುಡುಗಿಯ ಕಥೆ ಜಗತ್ತಿಗೆಲ್ಲ ಗೊತ್ತು. ಅದರ ಬೆರಗಿನಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ. ಲಾನ್ಸಾಗೆ ಆಗಲೇ ಕೆಟ್ಟ ಹೆಸರಿತ್ತು, ಅದರಲ್ಲಿ ಹೋಗಬೇಡಿ ಎಂದು ಅವಳ ಅಪ್ಪನೇ ಹೇಳಿದ್ದರು. ಹಬ್ಬಕ್ಕೆ ಮನೆಗೆ ಹೋಗಲೇಬೇಕು, ಬೇರೆ ವಿಮಾನದಲ್ಲಿ ಸೀಟಿಲ್ಲ. ಜನ ಏನು ಮಾಡಬೇಕು? ಆರು ವರ್ಷ ತುಂಬುವುದರೊಳಗೆ ಮೂರು ವಿಮಾನ ಬಿದ್ದ ಮೇಲಷ್ಟೇ ಕಂಪನಿಯ ಬಾಗಿಲು ಮುಚ್ಚಿತು.

ಇನ್ನು 1987. ಪೆರುವಿನಲ್ಲಿ ಇಂದಿಗೂ ಈ ಮಾತು ಎತ್ತಿದರೆ ಫುಟ್‌ಬಾಲ್ ಪ್ರಿಯರ ದನಿ ಬದಲಾಗುತ್ತದೆ. ಅಲಿಯಾನ್ಸಾ ಲಿಮಾ ದೇಶದ ಬಹಳ ಜನಪ್ರಿಯ ಕ್ಲಬ್. ಆ ವರ್ಷ ಲೀಗ್‌ನಲ್ಲಿ ಮುಂದಿತ್ತು. ಡಿಸೆಂಬರ್ 8ರಂದು ಪುಕಾಲ್ಪಾದಲ್ಲಿ 1-0 ಅಂತರದಿಂದ ಗೆದ್ದು, ನೌಕಾಪಡೆಯಿಂದ ಬಾಡಿಗೆಗೆ ಪಡೆದ ಫೋಕರ್ ಎಫ್-27 ವಿಮಾನದಲ್ಲಿ ತಂಡ ವಾಪಸ್ ಬರುತ್ತಿತ್ತು. ಲಿಮಾ ಹತ್ತಿರ ಬಂದಾಗ ರಾತ್ರಿಯಾಗಿತ್ತು. ಮುಂದಿನ ಚಕ್ರ ಸರಿಯಾಗಿ ಕೆಳಗಿಳಿದಿದೆಯೋ ಇಲ್ಲವೋ ಎಂದು ತೋರಿಸುವ ದೀಪ ಪೈಲಟ್‌ಗೆ ಅನುಮಾನ ಹುಟ್ಟಿಸಿತು. ಟವರ್ ಹತ್ತಿರ ತಗ್ಗಿನಲ್ಲಿ ಹಾರಿದರು. ಕೆಳಗಿನಿಂದ ನೋಡಿದವರು ಚಕ್ರ ಇಳಿದಿದೆ ಎಂದರು. ಮತ್ತೆ ಇಳಿಯಲು ಕಡಲ ಮೇಲೆ ಸುತ್ತು ಹಾಕಿ ಬರುವಾಗ, ವೆಂಟನಿಯಾ ಹತ್ತಿರ ವಿಮಾನ ನೀರಿಗೆ ಬಿತ್ತು. 44 ಜನರಲ್ಲಿ 43 ಮಂದಿ ಸತ್ತರು. ಆಟಗಾರರು, ಕೋಚ್ ಮಾರ್ಕೋಸ್ ಕಾಲ್ಡೆರೋನ್, ಜೊತೆಗಿದ್ದವರು, ಯಾರೂ ಉಳಿಯಲಿಲ್ಲ. ಬದುಕಿದ್ದು ಪೈಲಟ್ ಮಾತ್ರ.

ನಿವೃತ್ತಿಯಾಗಿದ್ದ ಹೆಸರಾಂತ ಆಟಗಾರ ತೆಯೋಫಿಲೊ ಕುಬಿಯಾಸ್ ಮತ್ತೆ ಅಲಿಯಾನ್ಸಾ ಪರ ಆಡಲು ಬಂದರು. ಚಿಲಿಯ ಕೊಲೊ-ಕೊಲೊ ಕ್ಲಬ್ ತನ್ನ ಆಟಗಾರರನ್ನು ಕಳುಹಿಸಿಕೊಟ್ಟಿತು. ಪೆರು ಮತ್ತು ಚಿಲಿಯ ನಡುವಿನ ಹಳೆಯ ಯುದ್ಧದ ಕಹಿ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಅರ್ಥವಾಗುತ್ತದೆ. ಆದರೆ ನೌಕಾಪಡೆ? ತನಿಖೆ ಮಾಡಿತು, ವರದಿ ಬರೆಯಿತು, ಬೀಗ ಹಾಕಿತು.

ವರದಿ ಹೊರಬರದಿದ್ದರೆ ಊಹೆಗಳು ಹುಟ್ಟುತ್ತವೆ. ವಿಮಾನದಲ್ಲಿ ಕೊಕೇನ್ ಇತ್ತಂತೆ, ಆಟಗಾರರು ಅದನ್ನು ನೋಡಿಬಿಟ್ಟರಂತೆ, ಅದಕ್ಕೇ ಮುಗಿಸಿದರಂತೆ. ಹೀಗೆ ವರ್ಷಗಟ್ಟಲೆ ಗುಸುಗುಸು ನಡೆಯಿತು. 2006ರಲ್ಲಿ ಒಂದು ಟಿ.ವಿ. ಕಾರ್ಯಕ್ರಮ ಆ ವರದಿಯನ್ನು ಹೊರಗೆಳೆಯಿತು. ಅದರಲ್ಲಿದ್ದದ್ದು ಯಾವ ಪಿತೂರಿಯೂ ಅಲ್ಲ. ಪೈಲಟ್‌ಗೆ ರಾತ್ರಿ ಹಾರಾಟದ ಅನುಭವ ಸಾಲದಾಗಿತ್ತು. ತುರ್ತು ಸೂಚನೆಗಳು ಇಂಗ್ಲಿಷ್‌ನಲ್ಲಿದ್ದವು, ಅವನ್ನು ತಪ್ಪಾಗಿ ಓದಿಕೊಂಡಿದ್ದರು. ವಿಮಾನದ ಸ್ಥಿತಿಯೂ ಚೆನ್ನಾಗಿರಲಿಲ್ಲ. ಇಷ್ಟನ್ನು 1988ರಲ್ಲೇ ಹೇಳಿದ್ದರೆ ನೌಕಾಪಡೆಗೆ ಮುಜುಗರ ಆಗುತ್ತಿತ್ತು, ನಿಜ. ಆದರೆ ಸತ್ತವರ ಮನೆಯವರು 19 ವರ್ಷ ಕತ್ತಲಲ್ಲಿ ಇರಬೇಕಾಗಿರಲಿಲ್ಲ.

ಇದಕ್ಕೆ ಕಾನೂನಿನ ಕಾರಣವೂ ಇದೆ. ಜಗತ್ತಿನ ನಾಗರಿಕ ವಿಮಾನಯಾನಕ್ಕೆಲ್ಲ ಆಧಾರ 1944ರ ಷಿಕಾಗೋ ಒಪ್ಪಂದ. ಸೇನೆ, ಪೊಲೀಸ್, ಕಸ್ಟಮ್ಸ್ ವಿಮಾನಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಅಪಘಾತ ಹೇಗೆ ತನಿಖೆಯಾಗಬೇಕು, ವಿಮಾನ ತಯಾರಿಸಿದ ದೇಶದವರು ಹೇಗೆ ಜೊತೆಗೂಡಬೇಕು, ವರದಿ ಹೇಗೆ ಹೊರಬರಬೇಕು ಎಂಬ ನಿಯಮಗಳು ಸೇನೆಯ ವಿಮಾನದ ಬಳಿ ಬಂದಾಗ ನಿಂತುಬಿಡುತ್ತವೆ. ಒಳಗೆ ಕೂತವರು ಸೈನಿಕರೋ ಫುಟ್‌ಬಾಲ್ ಆಟಗಾರರೋ ಎಂದು ಒಪ್ಪಂದ ಕೇಳುವುದಿಲ್ಲ.

ವರದಿ ಹೊರಬಂದರೆ ಏನಾಗುತ್ತದೆ ಎಂದು ತಿಳಿಯಲು 1996 ನೋಡಬೇಕು. ಪೆರುವಿಗೆ ಅದು ಕೆಟ್ಟ ವರ್ಷ. ಫೆಬ್ರವರಿ 29ರಂದು ಅರೆಕಿಪಾದಲ್ಲಿ ಇಳಿಯಲು ಬರುತ್ತಿದ್ದ ಫಾಸೆಟ್ ಕಂಪನಿಯ ಬೋಯಿಂಗ್ 737 ಬೆಟ್ಟಕ್ಕೆ ಬಡಿದು 123 ಜನರೂ ಸತ್ತರು. ಪೆರುವಿನಲ್ಲಿ ಅತಿ ಹೆಚ್ಚು ಜನ ಸತ್ತ ಅಪಘಾತ ಅದೇ. ಮಂಜು ಕವಿದಿತ್ತು. ತಾವು ಸುಮಾರು 9,500 ಅಡಿಯಲ್ಲಿದ್ದೇವೆ ಎಂದು ಪೈಲಟ್‌ಗಳು ನಂಬಿದ್ದರು. ನಿಜಕ್ಕೂ ಇದ್ದದ್ದು ಅದಕ್ಕಿಂತ ಎಂಟು ಒಂಬೈನೂರು ಅಡಿ ಕೆಳಗೆ.

ಅಕ್ಟೋಬರ್ 2ರಂದು ಏರೋಪೆರು 603. ಮಧ್ಯರಾತ್ರಿ ಕಳೆದ ಮೇಲೆ ಲಿಮಾದಿಂದ ಚಿಲಿಯ ಸಾಂತಿಯಾಗೊಗೆ ಹೊರಟ ಬೋಯಿಂಗ್ 757. ಮೇಲೆದ್ದ ಕೂಡಲೇ ಪೈಲಟ್‌ಗಳಿಗೆ ತಲೆ ಕೆಟ್ಟಂತಾಯಿತು. ಒಂದು ಅಲಾರಂ ವೇಗ ಜಾಸ್ತಿ ಎಂದಿತು, ಇನ್ನೊಂದು ವೇಗ ಕಡಿಮೆಯಾಗಿ ಬೀಳುತ್ತಿದ್ದೀರಿ ಎಂದಿತು. ಕೆಳಗೆ ಕಪ್ಪು ಕಡಲು, ಒಂದು ದೀಪವೂ ಕಾಣದು.

ಆದದ್ದು ಇಷ್ಟೇ. ವಿಮಾನದ ಮೈಮೇಲೆ ಸಣ್ಣ ತೂತುಗಳಿರುತ್ತವೆ, ಸ್ಟ್ಯಾಟಿಕ್ ಪೋರ್ಟ್ ಎನ್ನುತ್ತಾರೆ. ಹೊರಗಿನ ಗಾಳಿಯ ಒತ್ತಡ ಅಳೆಯುವುದು ಅಲ್ಲಿಂದ. ಎತ್ತರ, ವೇಗ ಎರಡನ್ನೂ ತೋರಿಸುವ ಮೀಟರ್‌ಗಳಿಗೆ ಆ ಒತ್ತಡವೇ ಆಧಾರ. ವಿಮಾನ ತೊಳೆಯುವಾಗ ನೀರು ಹೋಗದಿರಲಿ ಎಂದು ಅದಕ್ಕೆ ಅಂಟು ಟೇಪ್ ಹಚ್ಚಿದ್ದರು. ತೆಗೆಯಲು ಮರೆತರು. ಎದ್ದು ಕಾಣುವ ಬಣ್ಣದ ಟೇಪ್ ಕೂಡ ಆಗಿರಲಿಲ್ಲ.

ಪೈಲಟ್‌ಗಳು ಎತ್ತರ ಎಷ್ಟೆಂದು ನೆಲದಿಂದ ವಿಮಾನಗಳ ಮೇಲೆ ಕಣ್ಣಿಟ್ಟಿರುವ ಕಂಟ್ರೋಲರ್‌ನನ್ನು ಕೇಳಿದರು. 9,700 ಅಡಿ ಎಂದ. ಪಾಪ, ಅವನ ಪರದೆಯ ಮೇಲಿದ್ದ ಅಂಕಿಯೂ ಅದೇ ವಿಮಾನ ಕಳುಹಿಸಿದ್ದು. ಸುಳ್ಳು ಹೇಳುತ್ತಿದ್ದ ಯಂತ್ರವೇ ಎರಡು ಕಡೆಯಿಂದ ಸಾಕ್ಷಿ ನುಡಿದ ಹಾಗಾಯಿತು. ನೆಲ ಹತ್ತಿರವಿದೆ ಎಂಬ ಎಚ್ಚರಿಕೆ ಮಾತ್ರ ನಿಜ ಹೇಳುತ್ತಿತ್ತು, ಯಾಕೆಂದರೆ ಅದು ರೇಡಿಯೋ ಅಲೆಯಿಂದ ಎತ್ತರ ಅಳೆಯುತ್ತದೆ, ಈ ತೂತುಗಳನ್ನು ನೆಚ್ಚಿಕೊಂಡಿಲ್ಲ. ಆದರೆ ಅಷ್ಟೊಂದು ಸುಳ್ಳು ಅಲಾರಂಗಳ ನಡುವೆ ಒಂದು ನಿಜವನ್ನು ಹೆಕ್ಕುವುದು ಹೇಗೆ? ದಾರಿ ತೋರಿಸಲು ಇನ್ನೊಂದು ವಿಮಾನವನ್ನು ಕಳುಹಿಸುವ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ ರೆಕ್ಕೆ ನೀರಿಗೆ ತಾಗಿತು. 70 ಜನರಲ್ಲಿ ಯಾರೂ ಬದುಕಲಿಲ್ಲ.

ಶಿಕ್ಷೆಯಾದದ್ದು ಟೇಪ್ ಬಿಟ್ಟ ನೌಕರನಿಗೆ. ನನಗೆ ಇದು ಅರೆಬರೆ ನ್ಯಾಯ ಅನಿಸುತ್ತದೆ. ಅದನ್ನು ನೋಡಬೇಕಾದ ಕಣ್ಣುಗಳು ಇನ್ನೂ ಇದ್ದವಲ್ವಾ? ಮೇಲ್ವಿಚಾರಕರು ಇದ್ದರು, ಹೊರಡುವ ಮುನ್ನ ವಿಮಾನವನ್ನು ಒಂದು ಸುತ್ತು ಹಾಕಿ ನೋಡುವ ಪೈಲಟ್ ಇದ್ದರು. ಆದರೂ ಈ ವರದಿ ಬೀರು ಸೇರಲಿಲ್ಲ. ಅದೇ ವರ್ಷ ಡೊಮಿನಿಕನ್ ಗಣರಾಜ್ಯದ ಹತ್ತಿರ ಇನ್ನೊಂದು 757 ಬಿದ್ದು 189 ಜನ ಸತ್ತಿದ್ದರು. ಅಲ್ಲಿ ವೇಗ ಅಳೆಯುವ ಕೊಳವೆ ಕಟ್ಟಿಕೊಂಡಿತ್ತು. ಮೀಟರ್‌ಗಳು ಒಂದಕ್ಕೊಂದು ಹೊಂದದಿದ್ದಾಗ ಏನು ಮಾಡಬೇಕು ಎಂದು ಪೈಲಟ್‌ಗಳಿಗೆ ಕಲಿಸುವಾಗ ಈ ಎರಡೂ ಉದಾಹರಣೆಗಳನ್ನು ಹೇಳುತ್ತಾರೆ.

1990ರ ದಶಕ ಮುಗಿಯುವಷ್ಟರಲ್ಲಿ ಫಾಸೆಟ್, ಏರೋಪೆರು ಎರಡೂ ನಿಂತವು. ಕಾಡಿನ ಹಲವು ದಾರಿಗಳಲ್ಲಿ ವಾಯುಪಡೆಯೇ ಗತಿ. 1998ರ ಮೇ 5ರಂದು ತೈಲ ಕಂಪನಿಯೊಂದರ ಕೆಲಸಗಾರರನ್ನು ಹೊತ್ತು ಇಕಿಟೋಸ್‌ನಿಂದ ಆಂಡೋವಾಸ್‌ಗೆ ಹೊರಟ ವಾಯುಪಡೆಯ 737 ಮಳೆಯ ರಾತ್ರಿಯಲ್ಲಿ ಬಿದ್ದು 75 ಜನ ಸತ್ತರು. ಟಾನ್ಸ್ ಎಂಬ ವಿಮಾನ ಸಂಸ್ಥೆಯನ್ನು ವಾಯುಪಡೆ 1963ರಲ್ಲಿ ಕಟ್ಟಿದ್ದೇ ಕಾಡಿನ ಊರುಗಳಿಗಾಗಿ. 2003ರ ಜನವರಿಯಲ್ಲಿ ಚಾಚಾಪೊಯಾಸ್‌ಗೆ ಹೋಗುತ್ತಿದ್ದ ಅದರ ವಿಮಾನ ಮೋಡದಲ್ಲಿ ಬೆಟ್ಟಕ್ಕೆ ಬಡಿಯಿತು, 46 ಜನರೂ ಸತ್ತರು. 2005ರ ಆಗಸ್ಟ್‌ನಲ್ಲಿ ಇನ್ನೊಂದು, ಪುಕಾಲ್ಪಾ ಹತ್ತಿರ ಆಲಿಕಲ್ಲು ಮಳೆಯಲ್ಲಿ ಇಳಿಯಲು ಹೋಗಿ ಜೌಗಿನಲ್ಲಿ ಬಿತ್ತು. 98 ಜನರಲ್ಲಿ 40 ಮಂದಿ ಸತ್ತರು. ಹವಾಮಾನ ಅಷ್ಟು ಕೆಟ್ಟಿರುವಾಗ ಇಳಿಯಲು ಹೋಗಬಾರದಿತ್ತು ಎಂದಿತು ತನಿಖೆ. 1971ರಲ್ಲೂ ಅದೇ ಪುಕಾಲ್ಪಾ ದಾರಿ, ಅದೇ ಬಗೆಯ ಮೋಡ. 2006ರಲ್ಲಿ ಟಾನ್ಸ್ ಮುಚ್ಚಿತು.

ಇವುಗಳ ನಡುವೆ ಒಂದು ಘಟನೆಯನ್ನು ಅಪಘಾತ ಎನ್ನಬೇಕೋ ಏನೆನ್ನಬೇಕೋ. 2001ರ ಏಪ್ರಿಲ್ 20ರಂದು ಪೆರುವಿನ ಯುದ್ಧ ವಿಮಾನ ಅಮೆಜಾನ್ ಮೇಲೆ ಹಾರುತ್ತಿದ್ದ ಪುಟ್ಟ ವಿಮಾನಕ್ಕೆ ಗುಂಡು ಹಾರಿಸಿತು. ಕೊಕೇನ್ ಸಾಗಿಸುವ ವಿಮಾನ ಎಂದುಕೊಂಡಿದ್ದರು. ಒಳಗಿದ್ದದ್ದು ಅಮೆರಿಕದ ಮಿಷನರಿ ಕುಟುಂಬ. ತಾಯಿ, ಕೈಗೂಸು ಸತ್ತರು. ಗಾಯಗೊಂಡ ಪೈಲಟ್ ಹೇಗೋ ನದಿಯ ಮೇಲೆ ಇಳಿಸಿದ. ಆ ವಿಮಾನವನ್ನು ಗುರುತಿಸಿ ಹೇಳಿದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಕಣ್ಗಾವಲು ವಿಮಾನ. ಅನುಮಾನ ಬಂದಾಗ ತಡೆಯಲು ನೋಡಿದರು, ಆದರೆ ಅಮೆರಿಕದವರಿಗೆ ಸ್ಪ್ಯಾನಿಷ್ ಸರಿಯಾಗಿ ಬಾರದು, ಪೆರುವಿನವರಿಗೆ ಇಂಗ್ಲಿಷ್ ಸರಿಯಾಗಿ ಬಾರದು. 1987ರ ವರದಿಯಲ್ಲೂ ಭಾಷೆಯ ತೊಡಕು ಇತ್ತು. ಆ ವರದಿ ಆಗಿನ್ನೂ ಬೀಗದೊಳಗೇ ಇತ್ತು.

ಈಗ ದೊಡ್ಡ ವಿಮಾನಗಳ ಮಟ್ಟಿಗೆ ಪೆರು ಬಹಳ ಸುಧಾರಿಸಿದೆ. 2017ರಲ್ಲಿ ಹೌಹಾದಲ್ಲಿ ಇಳಿಯುವಾಗ ಚಕ್ರ ಮುರಿದು 737 ಪೂರ್ತಿ ಸುಟ್ಟುಹೋದರೂ ಯಾರೂ ಸಾಯಲಿಲ್ಲ. ಮರುಭೂಮಿಯ ನೆಲದ ಮೇಲೆ ಹಿಂದಿನ ಕಾಲದವರು ಗೀರಿದ ದೊಡ್ಡ ಚಿತ್ರಗಳನ್ನು, ಅಂದರೆ ನಾಸ್ಕಾ ರೇಖೆಗಳನ್ನು, ಪ್ರವಾಸಿಗರಿಗೆ ತೋರಿಸುವ ಪುಟ್ಟ ವಿಮಾನಗಳು ಮಾತ್ರ ಬೇರೆ ಕಥೆ. 2010ರಲ್ಲಿ ಎರಡು ಬಿದ್ದವು, 2022ರ ಫೆಬ್ರವರಿಯಲ್ಲಿ ಮತ್ತೊಂದು ಬಿದ್ದು 7 ಜನ ಸತ್ತರು. ಅದೇ ವರ್ಷ ನವೆಂಬರ್ 18ರಂದು ಲಿಮಾದಲ್ಲಿ ಮೇಲೇಳಲು ಓಡುತ್ತಿದ್ದ ಲಾಟಾಮ್ ಕಂಪನಿಯ ವಿಮಾನ ರನ್‌ವೇಗೆ ಬಂದ ಅಗ್ನಿಶಾಮಕ ವಾಹನಕ್ಕೆ ಗುದ್ದಿತು. ಪ್ರಯಾಣಿಕರೆಲ್ಲ ಉಳಿದರು, ವಾಹನದಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿ ಸತ್ತರು. ತುರ್ತು ಕರೆ ಬಂದರೆ ರನ್‌ವೇಗೆ ಎಷ್ಟು ಬೇಗ ತಲುಪುತ್ತೇವೆ ಎಂದು ನೋಡುವ ಅಭ್ಯಾಸ ಅದು. ರನ್‌ವೇಗೆ ಇಳಿಯಲು ಅವರಿಗೆ ಅನುಮತಿ ಸಿಕ್ಕಿರಲಿಲ್ಲ ಎಂಬುದು ನಾಗರಿಕ ತನಿಖೆಯ ಬಹಿರಂಗ ವರದಿಯಲ್ಲಿದೆ. ಯಾರು ಬೇಕಾದರೂ ಓದಬಹುದು.